ಅದು ಕರಡಿಯೋ ಬಿಗ್‌ಫುಟ್ಟೋ

ಹಳ್ಳದ ಪಕ್ಕದ ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದ ನನ್ನ ಗಂಡ ಪ್ರಸಾದ್, "ಬೇಗ ಬಾರೇ, ಇಲ್ನೋಡು!" ಎಂದು ಕೈಬೀಸಿ ಕರೆದ.

ಬೇಗ ಹೋಗುವ ಶಕ್ತಿ ನನ್ನಲ್ಲಿರಲಿಲ್ಲ. ಬೆಳಗ್ಗೆಯಿಂದ ಆ ರೆಡ್‌ವುಡ್ ಕಾಡಿನಲ್ಲಿ ನಡೆದೂ ನಡೆದೂ ಕಾಲು ಸೋತಿತ್ತು. ಹಿಂದಿನ ದಿನವಿಡೀ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆಯಿದ್ದ ಡಬ್ಲಿನ್‌ನಿಂದ ಉತ್ತರಕ್ಕೆ ಡ್ರೈವ್ ಮಾಡಿ, ಯಾವುದೋ ಹಳೇ ಮೋಟೆಲಿನಲ್ಲಿ ಮಲಗಿ ಬಂದಿದ್ದೆವು.

ಬಂದಿದ್ದು ಯಾಕೆ ಅಂತೀರಾ? ಬಿಗ್‌ಫುಟ್ ಹುಡುಕೋದಕ್ಕೆ.

ನಗಬೇಡಿ... ಆಗ ನನಗೂ ನಗು ಬರುತ್ತಿರಲಿಲ್ಲ.

ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಮುಳುಗುತ್ತಿದ್ದ ಕಾಲ ಅದು. ಪ್ರಸಾದ್ ಕೆಲಸ ಮಾಡುತ್ತಿದ್ದ ಸ್ಟಾರ್ಟಪ್ಪು ಒಂದು ಬೆಳಗ್ಗೆ ಎಲ್ಲರನ್ನೂ ಮೀಟಿಂಗಿಗೆ ಕರೆದು ಬಾಗಿಲು ಹಾಕಿಬಿಟ್ಟಿತು.

ಪಕ್ಕದೂರು ಪ್ಲೆಸೆಂಟನ್‌ನಲ್ಲಿ ನನ್ನ ಕೆಲಸ ಹೇಗೋ ಉಳಿಯಿತು. ಆದರೆ ಟೀಮಿನಿಂದ ಹೋದವರ ಕೆಲಸವೂ ನನ್ನ ತಲೆಯ ಮೇಲೇ ಬಿತ್ತು. ಅಲ್ಲಿಂದ ಮುಂದೆ ಇಬ್ಬರೂ ಈ ದೇಶದಲ್ಲಿ ಇದ್ದದ್ದು ನನ್ನೊಬ್ಬಳ ವೀಸಾದ ಮೇಲೆ.

ಮೊದಮೊದಲು ಅವನು ದಿನಾ ರೆಸ್ಯೂಮೆ ಕಳಿಸುತ್ತಿದ್ದ. ಬರಬರುತ್ತಾ ಅದು ಕಡಿಮೆಯಾಯಿತು. ಅದರ ಜಾಗಕ್ಕೆ ಬಂದದ್ದು ಬಿಗ್‌ಫುಟ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈತುಂಬ ಕೂದಲಿರುವ, ಮನುಷ್ಯರ ಹಾಗೆ ಎರಡೇ ಕಾಲಿನಲ್ಲಿ ನಡೆಯುವ ದೈತ್ಯ ಪ್ರಾಣಿಯಂತೆ. ಕಂಡವರು ಬೇಕಾದಷ್ಟು ಜನ, ಸಾಕ್ಷಿ ಮಾತ್ರ ಒಂದೂ ಇಲ್ಲ.

ಇಡೀ ದಿನ ಇಂಟರ್ನೆಟ್ಟಿನಲ್ಲಿ ಅದೇ ಚರ್ಚೆ. ಆಗಿನ ಇಂಟರ್ನೆಟ್ಟು ಫೋನ್ ಲೈನಿನಲ್ಲೇ ತಾನೇ? ಮೈಸೂರಿನಿಂದ ಅಮ್ಮ ಎಷ್ಟು ಸಲ ಫೋನ್ ಮಾಡಿದರೂ ಎಂಗೇಜು.

ಆ ಚರ್ಚೆಯಲ್ಲೇ ಅವನಿಗೆ ಸಿಕ್ಕಿದವನು ರಾನ್. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ, ಒಂಟಿಯಾಗಿದ್ದ ಮನುಷ್ಯ. ಹರೆಯದಲ್ಲಿ ಒಮ್ಮೆ ಇದೇ ಕಾಡಿನ ಅಂಚಿನಲ್ಲಿ ಅದು ನಿಂತಿದ್ದನ್ನು ಕಂಡಿದ್ದನಂತೆ. ಆವತ್ತಿನಿಂದ ಹುಡುಕುತ್ತಲೇ ಇದ್ದಾನೆ.

"ಒಂದೇ ಒಂದ್ ಸಲ ನೀನೂ ಬಾ" ಎಂದು ಪ್ರಸಾದ್ ಅಂದಾಗ ವಾದ ಮಾಡಲೂ ನನಗೆ ಸುಸ್ತು. ಹೂಂ ಅಂದುಬಿಟ್ಟಿದ್ದೆ.

ಕೆಸರಿನಲ್ಲಿ ನಿಜಕ್ಕೂ ಒಂದು ಹೆಜ್ಜೆ ಇತ್ತು. ಉದ್ದ, ಅಗಲ... ನೋಡಿದ ಕೂಡಲೇ ಒಂದು ಕ್ಷಣ ನಾನೂ ನಂಬಿಬಿಟ್ಟೆ.

ಬೆಳಗ್ಗೆಯಿಂದ ನಮಗೆ ದಾರಿ ತೋರಿಸುತ್ತಿದ್ದ ರಾನ್, ಹೆಜ್ಜೆಯ ಅಚ್ಚು ತೆಗೆಯೋದಕ್ಕೆ ಪ್ಲಾಸ್ಟರ್ ಕಲಸಲು ಕೂತ. ಕೂತಲ್ಲೇ ಇಬ್ಬರಿಗೂ ವಾದ ಹತ್ತಿತು. ಹಳೇ ಕಾಲದ ಯಾವುದೋ ದೊಡ್ಡ ವಾನರ ಇಲ್ಲಿ ಉಳಿದುಕೊಂಡಿದೆ ಎಂದು ರಾನ್. ವಾನರ ಅಲ್ಲ, ಮನುಷ್ಯರಿಗೇ ದಾಯಾದಿಯಾದ ಯಾವುದೋ ಪಂಗಡ ಎಂದು ಪ್ರಸಾದ್.

"ಹಾಗಿದ್ರೆ ಒಂದು ಮೂಳೆನಾದ್ರೂ ಸಿಗಬೇಕಿತ್ತಲ್ಲ?" ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ.

ರಾನ್‌ಗೆ ಸಿಟ್ಟು ಬರಲಿಲ್ಲ. ತಾನು ಜೀವಮಾನವಿಡೀ ಈ ಕಾಡು ತಿರುಗಿದ್ದೇನೆ, ತಾನಾಗಿ ಸತ್ತ ಒಂದು ಕರಡಿಯ ಮೂಳೆಯನ್ನೂ ಕಂಡಿಲ್ಲ, ಹಾಗಂತ ಕರಡಿ ಇಲ್ಲ ಅನ್ನೋಕಾಗುತ್ತಾ ಎಂದ. ಪ್ರಸಾದ್ ಜೋರಾಗಿ ನಕ್ಕ. ಅವನ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಪ್ಲಾಸ್ಟರ್ ಸುರಿಯುವ ಮೊದಲು ರಾನ್ ನನ್ನ ಕಡೆ ತಿರುಗಿದ. "ನಿನಗೇನು ಅನ್ನಿಸುತ್ತೆ?"

ಬಗ್ಗಿ ನೋಡಿದೆ. ಬೆರಳುಗಳ ಮುಂದೆ ಸಣ್ಣ ತೂತುಗಳು. ಹೆಜ್ಜೆಯ ನಡುವೆ ಒಂದು ದಿಣ್ಣೆ, ಒಂದು ಗುರುತಿನ ಮೇಲೆ ಇನ್ನೊಂದು ಬಿದ್ದ ಹಾಗೆ.

ಸುಳ್ಳು ಹೇಳಬಹುದಿತ್ತು. ಅದಕ್ಕೂ ತ್ರಾಣ ಬೇಕಲ್ಲ... "ಕರಡಿ ಅನ್ನಿಸುತ್ತೆ" ಅಂದೆ.

ಪ್ರಸಾದ್ ಆ ತೂತುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ರಾನ್‌ನ ಹೆಗಲ ಮೇಲೆ ಕೈಯಿಟ್ಟು, ಇವು ಉಗುರಿನ ಗುರುತು, ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬಿದ್ದು ಹೆಜ್ಜೆ ಉದ್ದ ಕಾಣುತ್ತಿದೆ ಎಂದು ಮೆಲ್ಲಗೆ ವಿವರಿಸಿದ.

ರಾನ್ ಬಿದ್ದ ಮರದ ದಿಮ್ಮಿಯ ಮೇಲೆ ಕೂತ. "ಇದು ಕರಡಿಯೇ, ಒಪ್ಪಿದೆ. ಆದರೆ ಅವತ್ತು ನಾನು ಕಂಡದ್ದು ಕರಡಿಯಲ್ಲ" ಎಂದ.

ಆಮೇಲೆ ಥರ್ಮಾಸ್ ತೆಗೆದು ಮೊದಲ ಕಾಫಿಯನ್ನು ನನಗೇ ಕೊಟ್ಟ.

ಮರುದಿನ ಬೆಳಗ್ಗೆ ಅವನಿಗೆ ಬೈ ಹೇಳಿ ವಾಪಸ್ ಹೊರಟೆವು. ಫ್ರೀವೇಗೆ ಬಂದ ಮೇಲೆ ಪ್ರಸಾದ್ ಬಾಯಿಬಿಟ್ಟ.

"ಕರಡಿ ಅಂತ ನಂಗೂ ಮೊದಲೇ ಡೌಟ್ ಇತ್ತು ಕಣೇ. ಆದ್ರೆ ಅಲ್ಲಿಗೆ ಹೋದ್ರೆ 'ಇಂಟರ್ವ್ಯೂ ಏನಾಯ್ತು' ಅಂತ ಯಾರೂ ಕೇಳಲ್ಲ."

"ಯಾರೂ ಕೇಳ್ದೆ ಇರೋ ಜಾಗ ನಿಂಗಾದ್ರೂ ಇದೆ. ನಾನೆಲ್ಲಿಗೆ ಹೋಗ್ಲಿ?" ಎಂದೆ. ಜಗಳ ಆಡುವ ಉದ್ದೇಶ ಇರಲಿಲ್ಲ. ಆದರೆ ಶುರುವಾದ ಮಾತು ನಿಲ್ಲಲಿಲ್ಲ. "ನಂಗೂ ಸಾಕಾಗಿದೆ ಪ್ರಸಾದ್. ಒಂದು ದಿನ ನಾನೂ ಕೆಲಸ ಕಳ್ಕೊಂಡ್ರೆ ಏನ್ ಗತಿ ಅಂತ ಯೋಚಿಸ್ತಾ ನಿದ್ದೇನೇ ಬರಲ್ಲ."

ಅವನು ರೇಡಿಯೋ ಆರಿಸಿದ. "ಮಲ್ಕೋ. ಮನೆವರೆಗೂ ನಾನೇ ಓಡಿಸ್ತೀನಿ, ಎಬ್ಬಿಸಲ್ಲ" ಎಂದ.

ಮಲಗಿದೆ. ಎಚ್ಚರವಾದಾಗ ಕಾರು ಸೇತುವೆಯ ಮೇಲಿತ್ತು, ಕೆಳಗೆ ಕೊಲ್ಲಿಯ ನೀರು ಹೊಳೆಯುತ್ತಿತ್ತು, ನನ್ನ ಮೇಲೆ ಅವನ ಜಾಕೆಟ್ಟು. ಯಾವಾಗ ನಿಲ್ಲಿಸಿ ಹೊದಿಸಿದ್ದನೋ ಗೊತ್ತಾಗಲೇ ಇಲ್ಲ.

ಕೆಲಸ ಅವನಿಗೆ ತಕ್ಷಣವೇನೂ ಸಿಗಲಿಲ್ಲ. ಬಹಳ ಸತಾಯಿಸಿ, ನಮ್ಮೂರಿನ ಹತ್ತಿರವೇ ಇದ್ದ ನೆವಾರ್ಕ್‌ನಲ್ಲಿ ಒಂದು ಸಣ್ಣ ಕಾಂಟ್ರ್ಯಾಕ್ಟ್ ಸಿಕ್ಕಿತು. ಅಷ್ಟರವರೆಗೂ ಆಗಾಗ ಕಾಡಿಗೆ ಹೋಗುತ್ತಿದ್ದ. ನಾನು ತಡೆಯಲಿಲ್ಲ. ಅವನೂ ಪ್ರತಿ ಸಂಜೆ ನನ್ನ ದಿನ ಹೇಗಿತ್ತು ಎಂದು ಕೇಳುವುದನ್ನು ತಪ್ಪಿಸಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಇಲ್ಲದ್ದನ್ನು ಹುಡುಕಿಕೊಂಡು ಹೋಗಿದ್ದುಂಟಾ? ಆಗ ನೀವು ಏನು ಮಾಡಿದಿರಿ?