ಕರಿ ಬಟ್ಟೆಯ ಮುಂದಿನ ಹಾವುಗಳು

ಅಂಗಡಿಯ ಅಟ್ಟದಲ್ಲಿ, ಹಳೆಯ ಹೊಲಿಗೆ ಯಂತ್ರದ ಪೆಟ್ಟಿಗೆಯ ಹಿಂದೆ, ಒಂದು ಕರಿ ಬಟ್ಟೆಯ ಸುರುಳಿ ಸಿಕ್ಕಿತು. ಎರಡು ಬದಿಯ ಅಂಚಿಗೂ ಬಿದಿರು ಕೋಲು ತೂರಿಸಿದ, ನೆಲದಲ್ಲಿ ಊರಿದರೆ ನಮ್ಮ ಸೊಂಟದ ತನಕ ಬರುವ ಬಟ್ಟೆ. ಬಿಚ್ಚಿದೆ. ಕೆಮ್ಮಣ್ಣು, ಕೊಳೆತ ಎಲೆ, ಡಾಂಬರು ಗುಳಿಗೆ, ಮೂರೂ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಹೊಲಿಗೆ ನನ್ನದೇ. ವಾಸನೆ ಮಾತ್ರ ಪಕ್ಕದ ಸ್ಟುಡಿಯೋ ಮಾಮನದು...

ಹೊನ್ನಾವರ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವರ ಫೋಟೋ ಸ್ಟುಡಿಯೋಕ್ಕೂ ನಡುವೆ ಒಂದೇ ಗೋಡೆ ಇತ್ತು. ಊರಿಗೆಲ್ಲ ಅವರು ಮಾಮ. ಮಾಮ ಎಂದು ಕರೆಸಿಕೊಳ್ಳುವ ಗುಣ ಅವರಲ್ಲಿ ಒಂದಾದರೂ ಇತ್ತೇ ಎಂದು ಕೇಳಿದರೆ ಈಗಲೂ ನಾನು ಉತ್ತರ ಹುಡುಕಬೇಕು. ಮನುಷ್ಯರ ಮುಖ ತೆಗೆದು ಅನ್ನ ಉಣ್ಣುತ್ತಿದ್ದ ಅವರಿಗೆ ಮನುಷ್ಯರ ಮುಖ ಕಂಡರೆ ಆಗುತ್ತಿರಲಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದವರಿಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಒಂದೇ ಕೋಟು ತೊಡಿಸುತ್ತಿದ್ದರು. ಅದರ ಕಿಸೆಯಲ್ಲಿ ಸದಾ ಡಾಂಬರು ಗುಳಿಗೆ. ಆಮೇಲೆ, ಎದುರಿಗೆ ಕೂತವರು ಬ್ಯಾಂಕಿನ ದೊಡ್ಡ ಸಾಹೇಬರಾದರೂ ಸರಿಯೆ, ಮೀನು ಮಾರಿ ಬಂದವರಾದರೂ ಸರಿಯೆ, ಒಂದೇ ಪಾಠ.

"ಗದ್ದ ಕೆಳಗೆ ಮಾಡು. ನಗ್ಬೇಡ. ನಿಂಗೆ ಅದು ಬರೂದಿಲ್ಲ."

ಕೂತವರ ಹಿಂದೆ ಬಣ್ಣದ ಪರದೆ. ಅಮೃತಶಿಲೆಯ ಮೆಟ್ಟಿಲು, ಹಂಸದ ಕೊಳ, ಯಾವ ದೇಶದ್ದೋ ಹಿಮದ ಗುಡ್ಡ. ಹಂಸದ ಕುತ್ತಿಗೆಯ ಹತ್ತಿರ ಇಲಿ ಕಚ್ಚಿದ ತೂತು ಬಿದ್ದಿತ್ತು. ಹೊಲಿದು ಕೊಡುತ್ತೇನೆ ಎಂದರೆ, "ಹಿಂದೆ ಎಂತ ಇದೆ ಅಂತ ಯಾರು ನೋಡ್ತಾರೆ ಮಾರಾಯಾ? ಮುಖ ಬಂದ್ರೆ ಆತು" ಎನ್ನುತ್ತಿದ್ದರು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಜೀವ ಇದ್ದದ್ದು ಭಾನುವಾರದಲ್ಲಿ. ಬೆಳಕು ಚೆನ್ನಾಗಿದ್ದರೆ ನಡುಗೋಡೆಗೆ ಬೆರಳಿನಿಂದ ಟಕಟಕ ಬಡಿಯುತ್ತಿದ್ದರು. ಬಡಿದರೆಂದರೆ ನಾನು ಬೈಕು ಹೊರಗೆ ತೆಗೆಯಬೇಕು. ಅವರಿಗೆ ಸೈಕಲ್ ಸಹ ಬರುತ್ತಿರಲಿಲ್ಲ. ಕ್ಯಾಮರಾ ಚೀಲವನ್ನು ಎಳೆಕೂಸಿನ ಹಾಗೆ ತಬ್ಬಿಕೊಂಡು ಹಿಂದೆ ಕೂತು, ದಾರಿಯುದ್ದಕ್ಕೂ ಎದುರು ಬಂದವರನ್ನೆಲ್ಲ ಬೈಯುತ್ತಿದ್ದರು. ಕುಮಟೆಯ ಉಪ್ಪುನೀರಿನ ಗಜನಿ ಗದ್ದೆಯ ಒಡ್ಡಿನಲ್ಲಿ ನೀರೊಳ್ಳೆ ಹಾವು, ಶಿರಾಲಿಯ ಆಚೆ ಬೇಲಿಯಲ್ಲಿ ಹಸಿರು ಹಾವು, ಭಟ್ಕಳದ ಗುಡ್ಡದಲ್ಲಿ ಬಂಡೆಗೆ ಅಂಟಿಕೊಂಡು ಬಿಸಿಲು ಕಾಯಿಸಿಕೊಳ್ಳುವ ಉಡ. ಮನುಷ್ಯರಿಗೆಲ್ಲ "ಏ" ಎನ್ನುವ ಬಾಯಿ ಅಲ್ಲಿ ಬೇರೆಯೇ ಆಗುತ್ತಿತ್ತು. ನೆಲದ ಮೇಲೆ ಬೋರಲು ಮಲಗಿ, ಪಿಸುಗುಟ್ಟುವ ದನಿಯಲ್ಲಿ, "ಇರಿ, ಇರಿ, ಹೋಗ್ಬೇಡಿ. ನಿಮ್ಗೆ ತೊಂದ್ರೆ ಕೊಡೂದಿಲ್ಲ" ಎಂದು ಕೇರೆ ಹಾವಿಗೆ ಹೇಳುತ್ತಿದ್ದರು. ನಾನು ನಕ್ಕರೆ ಕಲ್ಲು ಎಸೆಯುತ್ತಿದ್ದರು. ನನಗೆ, ಹಾವಿಗಲ್ಲ.

ಅವರ ಆಸೆ ಒಂದೇ ಆಗಿತ್ತು. ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಕಟ್ಟುವುದು ಕಾಳಿಂಗ ಸರ್ಪ ಮಾತ್ರ. ಬೇಸಿಗೆಯಲ್ಲಿ ಹೆಣ್ಣು ಮೈಯಿಂದಲೇ ತರಗೆಲೆ ಬಾಚಿ ಗುಪ್ಪೆ ಮಾಡುತ್ತದೆ, ಒಳಗೆ ಮೊಟ್ಟೆ ಇಟ್ಟು ಮಳೆಯ ಹೊತ್ತಿನ ತನಕ ಕಾಯುತ್ತದೆ. ಆ ತಾಯಿಯನ್ನು ಗೂಡಿನ ಮೇಲೆ ನೋಡಬೇಕು, ಒಂದು ಫೋಟೋ ತೆಗೆಯಬೇಕು. ಅಷ್ಟೇ.

ಅದರ ಸುಳಿವು ಸಿಕ್ಕಿದ್ದು ಶಿರಾಲಿಯ ಚಾ ಅಂಗಡಿಯಲ್ಲಿ. ಒಂದು ಬೇಸಿಗೆಯ ಭಾನುವಾರ ಮುಟ್ಟಳ್ಳಿ ಕಡೆಯ ಒಬ್ಬ ಅಕ್ಕ ಬಸ್ಸಿಗೆ ಕಾಯುತ್ತ ಕೂತು, ಕೇಳಿದವರಿಗೂ ಕೇಳದವರಿಗೂ, ಜಾಗ ಎಲ್ಲಿ ಎಂದು ಮಾತ್ರ ಬಿಡದೆ, ತನ್ನ ಕತೆ ಹೇಳುತ್ತಿದ್ದಳು. ಕೊಟ್ಟಿಗೆಗೆ ಹಾಸಲು ದರಕು ಗುಡಿಸುವವಳು ಅವಳು. ನಮ್ಮಲ್ಲಿ ತರಗೆಲೆಗೆ ದರಕು ಎನ್ನುತ್ತಾರೆ. ಗುಡ್ಡದಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಜಾಗ. ಒಬ್ಬಳು ಒಟ್ಟಿಟ್ಟ ಗುಪ್ಪೆಯನ್ನು ಇನ್ನೊಬ್ಬಳು ಮುಟ್ಟುವುದಿಲ್ಲ. ಅಂಥದರಲ್ಲಿ ತನ್ನದೇ ಜಾಗದಲ್ಲಿ ಯಾರೋ ಗುಪ್ಪೆ ಹಾಕಿದ್ದು ನೋಡಿ ಅವಳ ಪಿತ್ತ ನೆತ್ತಿಗೇರಿತ್ತು.

"'ಯಾವಳೇ ಅವಳು, ನನ್ನ ಜಾಗದಲ್ಲಿ ದರಕು ಗುಡಿಸಿದವಳು?' ಅಂತ ಕೂಗ್ದೆ ನೋಡಿ. ಗುಪ್ಪೆ ಒಳಗಿಂದ ಅವಳೇ ತಲೆ ಎತ್ತಿದ್ಳು! ನನ್ನ ಎದೆ ಮಟ್ಟಕ್ಕೆ!"

ಮಾಮ ಚಾ ಲೋಟ ಕೆಳಗಿಟ್ಟು ಅವಳ ಬೆಂಚಿಗೆ ಸರಿದರು. "ಆಮೇಲೆ? ಎಂತ ಮಾಡ್ದೆ?"

"ಎಂತ ಮಾಡೂದು? ಒಟ್ಟಿದವಳದ್ದೇ ಅಲ್ಲನಾ ದರಕು. ಬಿಟ್ಟು ಬಂದೆ. ಈ ವರ್ಷ ಆ ಕಡೆ ಹೋಗೂದಿಲ್ಲ."

ಅವಳು ಬಸ್ಸು ಬಿಟ್ಟು ನಮಗೆ ಜಾಗ ತೋರಿಸಿದಳು. ಚಿರೆಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯ ಅಂಚು, ಬಿದಿರು ಮೆಳೆಯ ಕೆಳಗೆ. ತೋರಿಸುವ ಮೊದಲು ಒಂದು ಮಾತು ಕೇಳಿದಳು. "ಒಡೆಯಾ, ಮಂದಿಗೆ ಗೊತ್ತಾದ್ರೆ ಬಡಿದು ಹಾಕ್ತಾರೆ. ಬಾಣಂತಿ ಅದು." ಮಾಮ ಎದೆಯ ಮೇಲೆ ಕೈ ಇಟ್ಟು, ಮಳೆ ಬೀಳುವ ತನಕ ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದರು. ಮನುಷ್ಯರಿಗೆ ಅವರು ಕೊಟ್ಟ ಮಾತು ನಾನು ಕೇಳಿದ್ದು ಅದೊಂದೇ.

ದೂರ ಕೂತು, ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳದೆ, ಅವರು ಫೋಟೋ ತೆಗೆದರು. ಎಲೆಯ ಗುಪ್ಪೆಯ ಮೇಲೆ ಸುರುಳಿ, ಸುರುಳಿಯ ಮೇಲೆ ತಲೆ. ತಾಯಿ ನಮ್ಮನ್ನು ನೋಡುತ್ತಿತ್ತು, ಆದರೆ ಕೂತಲ್ಲಿಂದ ಅಲ್ಲಾಡಲಿಲ್ಲ. ಹಿಂದಿರುಗುವಾಗ ಮಾಮ ದಾರಿಯಲ್ಲಿ ಯಾರನ್ನೂ ಬೈಯಲಿಲ್ಲ...

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊರವರ ಡೌಲನ್ನೆಲ್ಲ ಮೂಗು ಮುರಿದು ನೋಡುತ್ತಿದ್ದ ಈ ಮಹಾಶಯರಿಗೆ ತಮ್ಮದೊಂದು ಗಾಜಿನ ಶೋಕೇಸ್ ಇತ್ತು, ರಸ್ತೆಗೆ ಮುಖ ಮಾಡಿ. ಅದರೊಳಗಿಂದ ಮದುಮಕ್ಕಳನ್ನು, ಕೂಸುಗಳನ್ನು, ಪುಢಾರಿಗಳನ್ನು ಕಿತ್ತು ಬಿಸಾಡಿ ಕಾಳಿಂಗದ ತಾಯಿಯನ್ನು ದೊಡ್ಡದು ಮಾಡಿ ಕೂರಿಸಿದರು. "ಮಾಮಾ, ಮಳೆ ಬೀಳಲಿ" ಎಂದೆ. "ಜಾಗದ ಹೆಸರು ಬರೆದಿದ್ದೇನಾ ನಾನು? ಹುಚ್ಚನೇ ನಾನು?" ಎಂದರು.

ಬರೆದಿರಲಿಲ್ಲ, ನಿಜ. ಬಂದವರೆಲ್ಲ ಎಲ್ಲಿ, ಎಲ್ಲಿ ಎಂದು ಕೇಳಿದರು. ಮಾಮ ಉಗುಳು ನುಂಗಿದ ಹಾಗೆ ಆ ಹೆಸರು ನುಂಗಿಕೊಂಡು ಕೂತರು. ಹೀಗಿರುವಾಗ ಶಿರಾಲಿಯ ಒಬ್ಬ ಲಾರಿ ಡ್ರೈವರು ಲೈಸನ್ಸಿನ ಫೋಟೋ ತೆಗೆಸಲು ಬಂದ. ಶೋಕೇಸಿನ ಎದುರು ನಿಂತವನ ಮುಖ ಅರಳಿತು.

"ಅರೆ! ಇದು ನನ್ನ ಗಾಡಿ ಅಲ್ಲನಾ!"

ಹಾವನ್ನು ಅವನು ನೋಡಿರಲೇ ಇಲ್ಲ. ಹಾವಿನ ಹಿಂದೆ, ಬಿದಿರಿನ ಎಡೆಯಲ್ಲಿ, ಮಸುಕಾಗಿ ಒಂದು ನೀಲಿ ಇತ್ತು. ಕ್ವಾರಿ ನಿಂತಾಗ ಅಲ್ಲೇ ಬಿಟ್ಟುಹೋದ ಲಾರಿಯ ತಲೆ ಅದು, ತುಕ್ಕು ಹಿಡಿದು, ಬಳ್ಳಿ ಹಬ್ಬಿ. ಮಾಮ ಅದನ್ನು ಆಕಾಶದ ತುಂಡು ಎಂದುಕೊಂಡಿದ್ದರು. ಬದುಕಿಡೀ ಜನರ ಹಿಂದೆ ಹಂಸದ ಪರದೆ ಇಳಿಬಿಟ್ಟವರು, ಹಿಂದೆ ಏನಿದೆ ಎಂದು ನೋಡುವ ಅಭ್ಯಾಸವೇ ಇಲ್ಲದವರು. ಡ್ರೈವರು ಪಾಪ, ಕೆಟ್ಟವನಲ್ಲ. ಹರೆಯದಲ್ಲಿ ಓಡಿಸಿದ ಗಾಡಿ ಗಾಜಿನೊಳಗೆ ಕಂಡಿತಲ್ಲ ಎನ್ನುವ ಖುಷಿಯಲ್ಲಿ, ಸಿಕ್ಕ ಸಿಕ್ಕವರಿಗೆ ಮುಟ್ಟಳ್ಳಿಯ ಕ್ವಾರಿಯ ಹೆಸರು ಸಮೇತ ಹೇಳಿದ. ಫೋನಿನಲ್ಲಿ ತೆಗೆದು ಕಳಿಸಿದ.

ಮುಂದಿನ ಭಾನುವಾರ ನಾವು ಹೋದಾಗ ಕ್ವಾರಿಯ ದಾರಿಯಲ್ಲಿ ಬೈಕು ನಿಲ್ಲಿಸಲು ಜಾಗವಿರಲಿಲ್ಲ. ಭಟ್ಕಳದಿಂದ, ಕುಮಟೆಯಿಂದ, ನಮ್ಮ ಹೊನ್ನಾವರದಿಂದ ಬಂದಿದ್ದರು. ಮನೆಯ ಅಂಗಳದಲ್ಲಿ ಓತಿಕ್ಯಾತ ಕಂಡರೆ ಕುರ್ಚಿ ಹತ್ತುವ ಗಂಡಸರು, ಅಲ್ಲಿ ಹತ್ತು ಜನ ಸೇರಿದ್ದಕ್ಕೆ ಶೂರರಾಗಿದ್ದರು. ಹೆಡೆ ಎತ್ತಲಿ, ಫೋಟೋ ಚೆನ್ನಾಗಿ ಬರಲಿ ಎಂದು ಉದ್ದದ ಗಳುವಿನಿಂದ ತಿವಿದಿದ್ದರಂತೆ. ತಾಯಿ ಎಷ್ಟು ಹೊತ್ತು ತಡೆದುಕೊಂಡಿತ್ತೋ, ಹೊರಟು ಹೋಗಿತ್ತು. ಗುಪ್ಪೆ ಕೆದರಿತ್ತು. ಬಿಸ್ಕೀಟಿನ ಕಾಗದ, ನೀರಿನ ಬಾಟಲಿ, ಅದರ ನಡುವೆ ಬಿಸಿಲಿಗೆ ಬಿದ್ದು ಸುಕ್ಕಾದ ಬಿಳಿಯ ಮೊಟ್ಟೆಗಳು. ಕೆಲವು ತುಳಿದು ಚಪ್ಪಟೆಯಾಗಿದ್ದವು.

ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಒಂದು ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಮಾಮನ ಕೊರಳಲ್ಲಿ ಕ್ಯಾಮರಾ ನೋಡಿದ್ದೇ ತಡ, "ಅಂಕಲ್, ನಂದೊಂದು ತೆಗೀರಿ. ಕುಮಟೆಗೆ ಹೋಗಿ ತೋರಿಸ್ಬೇಕು" ಎಂದ.

ಮಾಮ ಹೊಡೆಯುತ್ತಾರೆ ಎಂದು ನಾನು ನಡುವೆ ಬಂದೆ. ಅವರು ನನ್ನನ್ನು ಬದಿಗೆ ಸರಿಸಿ, ಕ್ಯಾಮರಾ ಎತ್ತಿದರು. ಸ್ಟುಡಿಯೋದ ಅದೇ ದನಿ.

"ಗದ್ದ ಕೆಳಗೆ ಮಾಡು. ನಗು. ನಿಂಗೆ ಅದು ಬರ್ತದೆ."

ಯಾರಿಗಾದರೂ ನಗು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಅವನು ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

ಕೆಳಗೆ ಇಳಿಯುವಾಗ ದರಕಿನ ಅಕ್ಕ ದಾರಿಗೆ ಅಡ್ಡ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ನಾ ಬಾಯಿ ಬಿಟ್ಟವಳಲ್ಲ, ಒಡೆಯಾ. ನಿಮ್ಮ ಫೋಟೋನೇ ಬಾಯಿ ಬಿಟ್ತು" ಎಂದು ಹೇಳಿ, ಗುಡಿಸುವ ಕೋಲು ಹೆಗಲಿಗೇರಿಸಿ ಹೋದಳು. ಮಾಮನಿಗೆ ಅವಳ ಬೆನ್ನು ನೋಡುವ ಧೈರ್ಯವೂ ಇರಲಿಲ್ಲ.

ಮರುದಿನ ಶೋಕೇಸಿನಲ್ಲಿ ಕಾಳಿಂಗ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ಅಳತೆಗೆ ದೊಡ್ಡದಾಗಿ, ಮೊಟ್ಟೆ ಹಿಡಿದು ಹಲ್ಲು ಕಿರಿಯುವ ಆ ಮನುಷ್ಯ. ಊರಿಗೆಲ್ಲ ಅವನ ಮರ್ಯಾದೆ ಹೋಗಲಿ ಎಂದು ಮಾಮ ಅವನನ್ನು ಅಲ್ಲಿ ಕೂರಿಸಿದ್ದರು. ಹೋಯಿತೇ? ಎಲ್ಲಿಯ ಮಾತು! ಸುದ್ದಿ ತಿಳಿದು ಅವನು ಕುಮಟೆಯಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ. ಗಾಜಿನ ಎದುರು ನಿಂತು, ಫೋಟೋದ ಪಕ್ಕ ತನ್ನದೇ ಇನ್ನೊಂದು ಫೋಟೋ ತೆಗೆಸಿಕೊಂಡ. ಒಳಗೆ ಬಂದು, "ಅಂಕಲ್, ಭಾರೀ ಚಂದ ಬಂದಿದೆ. ಇದರದ್ದೊಂದು ಕಾಪಿ ಸಿಕ್ತದಾ?" ಎಂದು ಕೇಳಿದ.

ನಾಚಿಕೆ ಎನ್ನುವುದು ಇದ್ದವನಿಗೆ ತಾನೇ ತಾಗುವುದು? ಸಂಜೆ ನಡುಗೋಡೆ ಟಕಟಕ ಎಂದಿತು. ಭಾನುವಾರವಲ್ಲ, ಬೆಳಕೂ ಇಲ್ಲ. ಹೋದೆ.

"ತಮಾ, ಒಂದು ಕರಿ ಬಟ್ಟೆ ಹೊಲ್ಕೊಡು. ಎರಡೂ ಬದಿಗೆ ಕೋಲು ಹಾಕು. ಹೊಳಪು ಇರ್ಬಾರ್ದು."

ಆಮೇಲಿನ ವರ್ಷಗಳಲ್ಲಿ ನಾವು ಹೋದಲ್ಲೆಲ್ಲ ಆ ಬಟ್ಟೆ ಬಂತು. ಹಾವು ಸಿಕ್ಕರೆ ಅದಕ್ಕೆ ಗಾಬರಿಯಾಗದ ಹಾಗೆ ದೂರದಿಂದ ಸುತ್ತಿ ಬಂದು, ಅದರ ಹಿಂದೆ ನಾನು ಬಟ್ಟೆ ಎತ್ತಿ ಕೂರಬೇಕು. ಕಾಲಿಗೆ ಜೋಮು ಹಿಡಿಯುತ್ತಿತ್ತು, ಇರುವೆ ಕಚ್ಚುತ್ತಿತ್ತು. "ಅಲ್ಲಾಡ್ಬೇಡ ದರಿದ್ರಾ" ಎಂದು ನನಗೆ, "ಇರಿ, ಇರಿ" ಎಂದು ಹಾವಿಗೆ. ಬಟ್ಟೆ ಎತ್ತುವ ಮೊದಲೇ ಓಡಿಹೋದ ಹಾವುಗಳೇ ಹೆಚ್ಚು. ಸಿಕ್ಕ ಚಿತ್ರಗಳಲ್ಲಿ ಮರವಿಲ್ಲ, ಕಲ್ಲಿಲ್ಲ, ಆಕಾಶವಿಲ್ಲ. ಮಾಮನ ಕೊನೆಯ ವರ್ಷಗಳ ಹಾವುಗಳಿಗೆ ಊರೇ ಇಲ್ಲ. ಶೋಕೇಸಿಗೆ ಮತ್ತೆ ಮದುಮಕ್ಕಳು ಬಂದರು. ಮುಟ್ಟಳ್ಳಿಯ ಕಡೆ ಅವರು ಮತ್ತೆ ಕಾಲಿಡಲಿಲ್ಲ. ನಾನೊಬ್ಬನೇ ಹೋಗಿ ನೋಡಿದ ಬೇಸಿಗೆಗಳಲ್ಲಿ ಆ ಬಿದಿರಿನ ಕೆಳಗೆ ಯಾರೂ ದರಕು ಒಟ್ಟಿರಲಿಲ್ಲ.

ಒಂದು ಮಳೆಗಾಲ ಮಾಮ ಕೆಮ್ಮುತ್ತ ಕೆಮ್ಮುತ್ತ ಹೋದರು. ನೆಂಟರು ಬಂದು ಕ್ಯಾಮರಾ ಒಯ್ದರು. ಹಾವಿನ ಫೋಟೋಗಳು ಅಪಶಕುನವಂತೆ, ನನ್ನ ಅಂಗಡಿಗೆ ತಂದು ಹಾಕಿದರು.

ಈಗ ಅಟ್ಟ ಹತ್ತಿದ್ದು ಆ ಫೋಟೋಗಳಿಗಾಗಿಯೇ. ಓಂ ಬೀಚ್ ಹತ್ತಿರ ಗೆಸ್ಟ್ ಹೌಸ್ ಇಟ್ಟ ಒಬ್ಬ ಮಹಾನುಭಾವ ಬಂದಿದ್ದ. ಅವನಲ್ಲಿಗೆ ಬರುವವರು ಮೊಣಕೈ ಉದ್ದದ ಲೆನ್ಸು ಹೊತ್ತು, ಕಾಡಿನ ಬಣ್ಣದ ಅಂಗಿ ತೊಟ್ಟು, ತಿಂಡಿ ಮುಗಿಸಿ ಹಾವು ನೋಡಲು ಜೀಪು ಹತ್ತುವ ಜನ. ಈಗಿನ ಫೋನುಗಳು ಫೋಟೋ ತೆಗೆದ ಜಾಗವನ್ನು ಕೇಳದಿದ್ದರೂ ಹೇಳುತ್ತವಂತೆ, ಲಾರಿಯ ತಲೆಯೂ ಬೇಡ.

"ಅಣ್ಣಾ, ಊಟದ ಕೋಣೆ ಗೋಡೆಗೆ ಹಾಕ್ತೆ. ಪ್ರತಿ ಫೋಟೋದ ಕೆಳಗೆ ಎಲ್ಲಿ ತೆಗೆದದ್ದು ಅಂತ ಬರೆಸುವಾ. ಗೆಸ್ಟಿಗೆ ಅದೇ ಬೇಕು."

ಒಂದೊಂದಾಗಿ ತಿರುವಿದ. "ಎಂತ ಇದು, ಎಲ್ಲ ಕರಿ? ಸ್ಟುಡಿಯೋದಲ್ಲಿ ತೆಗೆದ ಹಾಗೆ ಇದೆ."

"ಸ್ಟುಡಿಯೋದಲ್ಲೇ ತೆಗೆದದ್ದು" ಎಂದೆ. "ಹಾವುಗಳೇ ಬರ್ತಿದ್ವು. ಕೂತು ತೆಗೆಸ್ಕೊಂಡು ಹೋಗ್ತಿದ್ವು."

ಅವನು ನನ್ನನ್ನು ಒಮ್ಮೆ, ಫೋಟೋಗಳನ್ನು ಒಮ್ಮೆ ನೋಡಿ ಎದ್ದು ಹೋದ.

ಅವನು ಹೋದ ಮೇಲೆ ಫೋಟೋಗಳನ್ನು ಕಟ್ಟಿಡಲು ಕೂತೆ. ಮೇಲಿದ್ದದ್ದು ಹಸಿರು ಹಾವು, ಬಾಯಿ ಅರ್ಧ ತೆರೆದಿದೆ. ಬಟ್ಟೆ ಹಿಡಿದು ಕೂತವನು ನಾನೇ. ಇದು ಶಿರಾಲಿಯ ಆಚೆಯ ಬೇಲಿಯದ್ದೋ, ಅಲ್ಲ ಕುಮಟೆಯ ಒಡ್ಡಿನ ಮುಂಡುಗದ ಪೊದೆಯದ್ದೋ... ನೆನಪಾಗಲಿಲ್ಲ. ಅದರ ಕೆಳಗಿನದೂ ಆಗಲಿಲ್ಲ. ಗೊತ್ತಿದ್ದವರು ಇಬ್ಬರೇ ಇದ್ದೆವು. ಫೋಟೋ ಮುಂದಿಟ್ಟುಕೊಂಡು ಯೋಚಿಸುತ್ತಿದ್ದಾಗ ನನ್ನ ಕೈ ತಾನಾಗಿ ನಡುಗೋಡೆಗೆ ಹೋಗಿ, ಬೆರಳಿನಿಂದ ಟಕಟಕ ಬಡಿಯಿತು.

ಆಚೆ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ಹಾಡಿನ ಸದ್ದು ಸಣ್ಣದಾಯಿತು.

"ಎಂತ ಅಣ್ಣಾ? ಮೊಳೆ ಹೊಡೀತ್ರಾ?"

"ಇಲ್ಲ ಮಾರಾಯಾ, ಎಂತ ಇಲ್ಲ" ಎಂದೆ. ಫೋಟೋಗಳನ್ನು ಕರಿ ಬಟ್ಟೆಯಲ್ಲಿ ಸುತ್ತಿ, ಒಳಗೊಂದು ಡಾಂಬರು ಗುಳಿಗೆ ಹಾಕಿ, ಮತ್ತೆ ಅಟ್ಟಕ್ಕೆ ಏರಿಸಿದೆ.