ಬೋಗಿ ದಾಟಿದ ಸ್ಕ್ಯಾನ್ ಕವರ್

ಜೂನ್ 12, ಬೆಳಗ್ಗೆ 9.40. ಕೃಷ್ಣರಾಜನಗರ ನಿಲ್ದಾಣದಲ್ಲಿ ಕ್ರಾಸಿಂಗ್‌ಗೆಂದು ನಮ್ಮ ಹಾಸನದ ರೈಲು ನಿಂತಿತ್ತು. ಮೈಸೂರಿಗೆ ಹೋಗುವ ರೈಲು ಆಚೆ ಹಳಿಗೆ ಬಂತು.

ಪ್ಲಾಟ್‌ಫಾರ್ಮಿನಿಂದ ಹೆಂಗಸೊಬ್ಬರು ನಮ್ಮ ಬಾಗಿಲಿಗೆ ಸ್ಕ್ಯಾನ್ ಕವರ್ ಚಾಚಿದರು. "ಆ ರೈಲಲ್ಲಿ ನನ್ ತಮ್ಮ ಅವ್ನೆ ಕಣಪ್ಪಾ. ಮೊನ್ನೆ ಬಂದಾಗ ಇದ್ನ ನಮ್ಮನೇಲೇ ಬುಟ್ಟೋಗವ್ನೆ. ಇದಿಲ್ದೆ ಇವತ್ತು ಆಪ್ರೇಸನ್ ಮಾಡಕ್ಕಿಲ್ಲ!"

ನಾನು ತಬ್ಬಿಬ್ಬಾದೆ. ಪಕ್ಕದ ಅಜ್ಜ, "ಮೀಟರ್ ಗೇಜ್ ಕಾಲ್ದಿಂದ್ಲೂ ಇಂಗೇ ದಾಟ್ಸೋದು, ಇಡ್ಕೊಳಪ್ಪ" ಎಂದರು. ಕವರ್ ನಮ್ಮ ಬೋಗಿಯೊಳಗೆ ಕೈಯಿಂದ ಕೈಗೆ ಸಾಗಿ, ಆಚೆ ಬದಿಯ ಬಾಗಿಲಿನಿಂದ ಎದುರು ರೈಲಿನ ಬಾಗಿಲಲ್ಲಿದ್ದ ತಮ್ಮನನ್ನು ತಲುಪಿತು.

"ಸಿಕ್ತು ಅನ್ರಪ್ಪಾ ಅಕ್ಕಂಗೆ!" ತಮ್ಮನ ಆ ಮಾತನ್ನೂ ನಾವೇ ದಾಟಿಸಿದೆವು.

"ಆಪ್ರೇಸನ್ ಆಗೋಗಂಟ ಬಾಯ್ಗೇನೂ ಆಕ್ಬ್ಯಾಡ ಅನ್ರಿ ಆ ಒಟ್ಟೆಬಾಕಂಗೆ!" ಎಂದು ಅಕ್ಕ ಕಣ್ಣೊರೆಸಿಕೊಂಡರು. ಇಡೀ ಬೋಗಿ ನಗುತ್ತ ಅದನ್ನೂ ತಲುಪಿಸಿತು.

ಆ ಸಾಲಿನಲ್ಲಿ ನನ್ನ ಕೈಗೂ ಜಾಗ ಕೊಟ್ಟವರಿಗೆ ಋಣಿ. ಈ ನಿಲ್ದಾಣದಲ್ಲಿ ಈ ರೂಢಿ ಶುರುವಾದದ್ದು ಹೇಗೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ.