ಕನ್ನಡಿಯಣ್ಣನ ಹೊಸ ಕ್ಲಿಯರ್ ಕೋಟ್

ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಸಿಂಕಿನ ಕೆಳಗೆ ತಲೆ ತೂರಿಸಿಕೊಂಡೇ ಆ ಸುದ್ದಿ ಹೇಳಿದ.

"ನಿಮ್ಮ ಹಿಂದಿನ ಶೆಡ್ಡಿಗೆ ಕಾರ್ ಪೇಂಟರ್ ಬರ್ತಿದ್ದಾನಂತೆ ಅಮ್ಮಾ. ಇನ್ನು ಕಿಟಕಿ ಮುಚ್ಕೊಂಡೇ ಇರಿ. ಇಲ್ಲದಿದ್ರೆ ಮಾಡಿದ ಅಡಿಗೆಯೆಲ್ಲಾ ಪೇಂಟ್ ವಾಸನೆ ಹೊಡೆಯುತ್ತೆ."

ಅವನನ್ನು ಎಲ್ಲರೂ ಕನ್ನಡಿಯಣ್ಣ ಅಂತಾರೆ ಎಂದೂ ಹೇಳಿದ. ಯಾಕಪ್ಪಾ ಎಂದರೆ, "ಅವನು ಪೇಂಟ್ ಮಾಡಿದ ಕಾರಿನ ಮುಂದೆ ನಿಂತು ನಾನೇ ಒಂದ್ಸಲ ತಲೆ ಬಾಚ್ಕೊಂಡಿದ್ದೀನಿ" ಎಂದ. ಪ್ಲಂಬರನ ತಲೆಯಲ್ಲಿ ಬಾಚಿಕೊಳ್ಳಲು ಏನಿತ್ತೋ ದೇವರೇ ಬಲ್ಲ.

ನಮ್ಮ ಯಜಮಾನರು ತೀರಿಕೊಂಡು ಆಗ ವರ್ಷವಾಗಿತ್ತು. ಮನೆಯಲ್ಲಿ ನಾನೊಬ್ಬಳೇ. ಜಗಳಕ್ಕಾದರೂ ಒಬ್ಬರು ಬರುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿತವಾಯಿತು. ಜಗಳವೂ ಪೇಂಟರ್ ಬಂದ ವಾರದಲ್ಲೇ ಆಯಿತು. ನಾನು ಹಿತ್ತಲು ಗುಡಿಸುತ್ತಿದ್ದೆ. ಗೋಡೆಯಾಚೆ ಒಂದು ತಲೆ ಎದ್ದಿತು. ಮೂಗು ಬಾಯಿಗೆ ರಬ್ಬರಿನ ಮಾಸ್ಕು, ಹುಬ್ಬಿನ ತುಂಬ ಬೆಳ್ಳಿ ಬಣ್ಣದ ಪುಡಿ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಕೇಳಿದ.

"ಅಕ್ಕಾ, ಸ್ವಲ್ಪ ಪೊರಕೆ ನಿಲ್ಲಿಸ್ತೀರಾ?"

"ನನ್ನ ಹಿತ್ತಲು, ನನ್ನ ಪೊರಕೆ. ನಿನಗೇನಪ್ಪಾ ತೊಂದರೆ?"

"ನಿಮ್ಮ ಹಿತ್ತಲ ಧೂಳು ನನ್ನ ಕಾರಿನ ಮೇಲೆ ಕೂತ್ಕೊಳ್ತಿದೆ."

"ನಿನ್ನ ಕಾರಿನ ವಾಸನೆ ನನ್ನ ದಿಂಬಿನ ಮೇಲೆ ಮಲಗ್ತಿದೆ. ಮೊದಲು ಅದನ್ನ ಎಬ್ಬಿಸ್ಕೊಂಡು ಹೋಗು."

ಅವನು ನಕ್ಕುಬಿಟ್ಟ. ನಗು ಕೆಮ್ಮಾಗಿ, ಗೋಡೆ ಹಿಡಿದುಕೊಂಡು ಸುಧಾರಿಸಿಕೊಂಡ. ಕೊನೆಗೆ ಒಪ್ಪಂದವಾಯಿತು. ಅವನು ಗೋಡೆಯ ಮೇಲೆ ಕೆಂಪು ಬಟ್ಟೆ ಹಾಕಿದರೆ ನಾನು ಗುಡಿಸುವಂತಿಲ್ಲ, ಹಾಸಿಗೆ ಕೊಡವುವಂತಿಲ್ಲ. ಬಟ್ಟೆ ತೆಗೆದ ಮೇಲೆ ನನ್ನ ರಾಜ್ಯ. ಆ ಕೆಂಪು ಬಟ್ಟೆ ಕಂಡಾಗೆಲ್ಲ ನಾನು ಪೊರಕೆ ಮೂಲೆಗಿಟ್ಟು ಕೂತುಬಿಡುತ್ತಿದ್ದೆ. ಮದುವೆಯಾದಂದಿನಿಂದ ನನಗೆ ಅಷ್ಟು ರಜೆ ಯಾರೂ ಕೊಟ್ಟಿರಲಿಲ್ಲ.

ಕೆಂಪು ಬಟ್ಟೆ ಬೀಳುತ್ತಿದ್ದುದು ಕ್ಲಿಯರ್ ಕೋಟ್ ಹೊಡೆಯುವ ದಿನ ಮಾತ್ರ. ಅಂದರೆ ಬಣ್ಣವೆಲ್ಲ ಮುಗಿದ ಮೇಲೆ ಕಾರಿನ ಮೈತುಂಬ ಹೊಡೆಯುವ ಕೊನೆಯ ಪದರ. ಅದಕ್ಕೆ ಬಣ್ಣವೇ ಇಲ್ಲ. ಬಣ್ಣವಿಲ್ಲದ್ದಕ್ಕೆ ಇಷ್ಟು ಮಡಿಯೇಕೆ ಎಂದು ಕೇಳಿದ್ದೆ.

"ಬಣ್ಣದಲ್ಲಿ ತಪ್ಪಾದ್ರೆ ಮುಚ್ಚಬಹುದು ಅಕ್ಕಾ. ಇದು ಕಾಣಲೇಬಾರದು. ಆದ್ರೆ ಇದಿಲ್ಲದಿದ್ರೆ ಕೆಳಗಿರೋದು ಯಾವುದೂ ಕಾಣಲ್ಲ" ಎಂದಿದ್ದ.

ಅವನ ಅಪ್ಪ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವನು. ಅಲ್ಲೇ ಬಸ್ಸಿಗೆ ನಂಬರ್ ಬರೆಯುತ್ತಿದ್ದವನ ಹಿಂದೆ ಬಿದ್ದು ಇವನು ಬ್ರಷ್ ಹಿಡಿಯಲು ಕಲಿತ. ಎಲ್ಲ ಬಸ್ಸಿಗೂ ಒಂದೇ ಬಣ್ಣ ಬಳಿದೂ ಬಳಿದೂ ಬೇಜಾರಾಗಿ, ಒಂದು ಬಸ್ಸಿನ ಬೆನ್ನಿಗೆ ನಂಬರಿನ ಪಕ್ಕ ಒಂದು ಗಿಳಿ ಬರೆದ. ಗಿಳಿ ಅಳಿಸು, ಇಲ್ಲವೇ ಕೆಲಸ ಬಿಡು ಎಂದರಂತೆ ಸಾಹೇಬರು. ಇವನು ಕೆಲಸ ಬಿಟ್ಟ. ಆ ಗಿಳಿ ಎಷ್ಟೋ ವರ್ಷ ಊರು ಸುತ್ತುತ್ತಿತ್ತಂತೆ, ಅಳಿಸಲು ಡಿಪೋದಲ್ಲಿ ಯಾರಿಗೂ ಕೈ ಬರಲಿಲ್ಲ. ಆಮೇಲೆ ಅವನ ಬದುಕೆಲ್ಲ ಇಂಥದ್ದೇ. ಬೆಂಕಿ ಬೇಕೆಂದವರ ಬಾನೆಟ್ಟಿಗೆ ಬೆಂಕಿ, ಸಮುದ್ರ ಬೇಕೆಂದವರಿಗೆ ಅಲೆ. ಬೆಳಿಗ್ಗೆ ನೀಲಿ ಕಂಡು ಸಂಜೆ ಹಸಿರು ಕಾಣುವ ಬಣ್ಣ ಬೇಕೆಂದವರಿಗೂ ಇಲ್ಲವೆನ್ನುತ್ತಿರಲಿಲ್ಲ.

ಅವನ ಹೆಂಡತಿ ಶೆಡ್ಡಿನ ಮುಂದಿನ ಕೋಣೆಯಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದಳು. ದಪ್ಪ ರೆಕ್ಸಿನ್ನನ್ನು ಸೂಜಿಯ ಕೆಳಗೆ ನೂಕುವಾಗ ಅವಳ ಮೊಣಕೈ ನೋಡಬೇಕು, ಪೈಲ್ವಾನರದು. ಕಾರಿನ ಹೊರಗಡೆ ಅವನದು, ಒಳಗಡೆ ಅವಳದು. ಆದರೂ ಗಂಡ ಕ್ಲಿಯರ್ ಕೋಟ್ ಹೊಡೆಯುವುದನ್ನು ಅವಳು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಆ ಹಳೆಯ ಕ್ಲಿಯರ್‌ನ ಹೊಗೆ ವಿಷವಿದ್ದಂತೆ ಎಂದು ಅವನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಚಿಲಕ ಅವಳನ್ನು ಕಾಪಾಡಿತು. ಒಳಗಿದ್ದವನನ್ನು ಕಾಪಾಡಲಿಲ್ಲ.

ಕೆಮ್ಮು ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತಿತ್ತು. ಡಾಕ್ಟರು ಸುತ್ತಿ ಬಳಸದೆ ಹೇಳಿದರು, ಆ ಹೊಗೆ ಬಿಡು ಅಥವಾ ಎದೆಯ ಆಸೆ ಬಿಡು ಎಂದು. ಹೆಂಡತಿ ಮನೆಗೆ ಬಂದವಳೇ ನನ್ನೆದುರಿಗೇ ತೀರ್ಪು ಕೊಟ್ಟಳು.

"ಈಗ ಕೈಯಲ್ಲಿರೋ ಕಾರೇ ಕೊನೇದು. ಆಮೇಲೆ ಆ ಪೇಂಟ್ ಹೊಡೆಯೋ ಗನ್ನು ಗುಜರಿಗೆ. ನನ್ನಣ್ಣನ ಟೈರ್ ಅಂಗಡೀಲಿ ಕುರ್ಚಿ ಖಾಲಿ ಇದೆ, ಹೋಗಿ ಕೂತ್ಕೋ."

ಅವನು ನನ್ನ ಮುಖ ನೋಡಿದ. "ಟೈರಿಗೆ ಇರೋದು ಒಂದೇ ಬಣ್ಣ ಅಕ್ಕಾ" ಎಂದ.

ಅವನ ಬೇರೆ ಮಾತೆಲ್ಲ ಮರೆತರೂ ಇದನ್ನು ಮರೆಯಲಾರೆ.

ಕೈಯಲ್ಲಿದ್ದ ಕಾರು ಡ್ರೈವಿಂಗ್ ಕಲಿಸುತ್ತಿದ್ದ ಒಬ್ಬ ಮೇಡಮ್ಮಿನದು. ಊರಿನ ಅರ್ಧ ಜನಕ್ಕೆ ಆ ಕಾರಿನಲ್ಲೇ ಕಲಿಸಿ, ಈಗ ಸ್ಕೂಲು ಮುಚ್ಚಿ, ತಾನೊಬ್ಬಳೇ ಊರೂರು ತಿರುಗಲು ಹೊರಟಿದ್ದಳು. ಕಾರಿನ ಎರಡೂ ಪಕ್ಕಕ್ಕೆ ರೆಕ್ಕೆ ಬೇಕೆಂದಿದ್ದಳು. ಕನ್ನಡಿಯಣ್ಣ ಕಡುನೀಲಿಯ ಮೇಲೆ ಒಂದೊಂದೇ ಗರಿ ಬರೆದ. ಗರಿಯ ಒಳಗಿನ ಎಳೆಯನ್ನೂ ಬಿಡಲಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಮಡಿಸಿಟ್ಟ ರೆಕ್ಕೆ.

ಆಗ ಪೇಂಟ್ ಅಂಗಡಿಯವನು ಹೊಸ ಬಗೆಯ ಕ್ಲಿಯರ್ ತಂದುಕೊಟ್ಟ. ನೀರಿನಲ್ಲಿ ಬೆರೆಸುವಂಥದ್ದು, ಹೊಗೆ ಬಹಳ ಕಡಿಮೆ, ಮಾಸ್ಕ್ ಹಾಕಿಕೊಂಡರೆ ಎದೆಗೆ ಅಷ್ಟು ತೊಂದರೆಯಿಲ್ಲ ಎಂದ. ಡಾಕ್ಟರಿಗೂ ತೋರಿಸಿ ಕೇಳಿದ್ದಾಯಿತು. ಅದು ಸರಿಹೋದರೆ ಗನ್ನು ಉಳಿಯುತ್ತದೆ, ಇಲ್ಲದಿದ್ದರೆ ಟೈರ್ ಅಂಗಡಿ.

"ನೀರು ಬೆರೆಸೋದು ಹಾಲಿನವರ ಕಸುಬು" ಎಂದು ಕನ್ನಡಿಯಣ್ಣ ಮೂಗು ಮುರಿದ. ಆದರೆ ಡಬ್ಬ ವಾಪಸ್ ಕಳಿಸಲಿಲ್ಲ.

ಕಾರಿನ ಮೇಲೆ ಮೊದಲ ಸಲಕ್ಕೇ ಹೊಡೆಯುವ ಹಾಗಿಲ್ಲ. ನಿಮ್ಮ ಹತ್ತಿರ ಬೇಡದ ಪಾತ್ರೆ ಮುಚ್ಚಳ ಇದ್ದರೆ ಕೊಡಿ ಎಂದು ನನ್ನನ್ನು ಕೇಳಿದ. ಅವನ ಹೆಂಡತಿಯನ್ನು ಅಟ್ಟ ಹತ್ತಿಸಿ ಹಳೆಯವನ್ನೆಲ್ಲ ಇಳಿಸಿದೆ. ಮುಚ್ಚಳಗಳಿಗೆ ಅದೇ ನೀಲಿ ಬಳಿದು, ಒಂದೊಂದಕ್ಕೂ ಒಂದು ಗರಿ ಬರೆದು, ಒಣಗಿಸಿ, ಮೇಲೆ ಹೊಸ ಕ್ಲಿಯರ್ ಹೊಡೆದ. ಹೊಡೆದ ಗಳಿಗೆಗೇ ಮುಚ್ಚಳ ಬೆಳ್ಳಗಾಯಿತು. ಗರಿಯ ಮೇಲೆ ಯಾರೋ ಹಾಲು ಚೆಲ್ಲಿದಂತೆ. ಅವನು ಬೈದುಕೊಂಡು ಬಣ್ಣ ಕರಗಿಸುವ ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿದ. ಕ್ಲಿಯರ್ ಜೊತೆ ಗರಿಯೂ ಹೋಯಿತು. ಇನ್ನೊಂದು ಮುಚ್ಚಳ, ಮತ್ತೆ ಬಿಳಿ, ಮತ್ತೆ ಉಜ್ಜಿದ. ಕೈ ತಾನಾಗಿಯೇ ಬಟ್ಟೆಗೆ ಹೋಗುತ್ತಿತ್ತು. ಹಳೆಯ ಕ್ಲಿಯರ್ ಬೆಳ್ಳಗಾದರೆ ತೇವ ಸೇರಿ ಕೆಟ್ಟಿತು ಎಂದೇ ಅರ್ಥವಂತೆ, ತಕ್ಷಣ ಒರೆಸದಿದ್ದರೆ ಎಲ್ಲ ಹಾಳು. ಆಯುಷ್ಯವೆಲ್ಲ ಹಾಗೆ ಒರೆಸಿದ ಕೈ ಅದು.

"ಒಣಗೋವರೆಗೆ ಕಾಯಿ ಅಂತ ಅಂಗಡಿಯವನು ಹೇಳಿದ್ದನಲ್ಲ" ಎಂದಳು ಹೆಂಡತಿ.

"ಮಾರೋನು ಇನ್ನೇನು ಹೇಳ್ತಾನೆ? ದುಡ್ಡು ಕೊಟ್ಟು ಕಾಯಿ ಅಂತಾನೆ."

ಮುಚ್ಚಳ ಮುಗಿಯುತ್ತಾ ಬಂತು. ಆಗ ನೋಡುತ್ತೇನೆ, ಅವನ ಕೈಯಲ್ಲಿ ನನ್ನ ಬಚ್ಚಲ ಡ್ರಮ್ಮಿನ ದೊಡ್ಡ ಮುಚ್ಚಳ. ಅಟ್ಟದ ಸಾಮಾನಿನ ಜೊತೆ ಅದೂ ಸೇರಿಬಿಟ್ಟಿತ್ತು. ಅದಾಗಲೇ ನೀಲಿಯಾಗಿ, ಗರಿ ಮೂಡಿ, ಬೆಳ್ಳಗಾಗಿ ಕೂತಿತ್ತು. ಅವನು ಥಿನ್ನರಿಗೆ ಕೈ ಹಾಕಿದ.

"ಮುಟ್ಟಬೇಡ ಅದನ್ನ" ಎಂದೆ.

"ಕೆಟ್ಟುಹೋಗಿದೆ ಅಕ್ಕಾ, ಉಜ್ಜಿ ಕೊಡ್ತೀನಿ."

"ಥಿನ್ನರ್ ಹಾಕಿ ಉಜ್ಜಿದ್ರೆ ನಾಳೆ ಸ್ನಾನ ಮಾಡಿದ ಮೇಲೂ ನಾನು ನಿನ್ನ ಶೆಡ್ಡಿನ ಹಾಗೇ ನಾರ್ತೀನಿ. ಬೆಳ್ಳಗಿದ್ರೆ ಇರಲಿ, ಡ್ರಮ್ಮಿಗೇನು ಮದುವೆ ಮಾಡಬೇಕಾಗಿಲ್ಲ."

ಅಂಚು ಹಿಡಿದು ಕಿತ್ತುಕೊಂಡು ಬಂದೆ. ನಮ್ಮ ಗೋಡೆಯ ಮೇಲೆ ಬಿಸಿಲಿಗಿಟ್ಟು, ಊಟ ಮಾಡಿ ಮಲಗಿದೆ. ಎದ್ದು ಬಂದು ನೋಡಿದರೆ ಮುಚ್ಚಳದ ಮೇಲೆ ಹಾಲಿರಲಿಲ್ಲ. ನೀಲಿ ಇತ್ತು, ನೀಲಿಯೊಳಗೆ ಗರಿಯಿತ್ತು, ಅದರ ಮೇಲೆ ನನ್ನ ಮೂಗೂ ಮೂಗಿನ ಪಕ್ಕದ ಮಚ್ಚೆಯೂ ಇದ್ದವು. ಗೋಡೆಯ ಮೇಲಿಂದಲೇ ಕೂಗಿದೆ.

ಅವನು ಬಂದು ಮುಚ್ಚಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದ, ಓರೆ ಮಾಡಿದ, ಉಗುರಿನಿಂದ ಗೀರಿದ. ಮುಂದಿನ ದಿನಗಳಲ್ಲಿ ಆ ಮುಚ್ಚಳ ಪಟ್ಟ ಪಾಡು ಯಾರಿಗೂ ಬೇಡ. ಪೆಟ್ರೋಲ್ ಚೆಲ್ಲಿದ. ಕುದಿಯುವ ನೀರಿನ ಪಾತ್ರೆ ಇಟ್ಟ. ಹೆಂಡತಿ ತನ್ನ ಬಳೆ ಕೊಟ್ಟು ಉಜ್ಜಿ ನೋಡು ಎಂದಳು. ಅದು ಯಾವುದಕ್ಕೂ ಜಗ್ಗಲಿಲ್ಲ.

"ಹಳೇದು ಗಾಜಿನ ಥರ ಹೊಳೀತಿತ್ತು" ಎಂದ ಕೊನೆಗೆ. "ಇದು ನಿಂತ ನೀರಿನ ಥರ. ಬೇರೇನೇ. ಆದ್ರೆ ಕಡಿಮೆಯಿಲ್ಲ."

ಮುಚ್ಚಳದ ಮೇಲೆ ಗೆದ್ದರೂ ಕಾರಿನ ಮುಂದೆ ನಿಂತಾಗ ಅವನ ಮುಖ ಬಿಳಿಚಿಕೊಂಡಿತ್ತು. ಗರಿ ಅಳಿಸಿಹೋದರೆ ಮತ್ತೆ ಹಾಗೇ ಬರೆಯಲು ಬರುವುದಿಲ್ಲ ಎಂದು ಅವನಿಗೆ ಗೊತ್ತು. ಗೋಡೆಯ ಮೇಲೆ ಕೆಂಪು ಬಟ್ಟೆ ಬಿತ್ತು. ನಾನೂ ಅವನ ಹೆಂಡತಿಯೂ ಶೆಡ್ಡಿನ ಗಾಜಿನ ಕಿಟಕಿಗೆ ಹಣೆ ಒತ್ತಿಕೊಂಡು ನಿಂತೆವು. ಅವನು ಮಾಸ್ಕ್ ಬಿಗಿದು, ಗನ್ನು ಹಿಡಿದು, ಕಾರಿನ ಪಕ್ಕದಲ್ಲಿ ಒಂದೇ ಹದದಲ್ಲಿ ನಡೆದ. ತೊಟ್ಟಿಲು ತೂಗುವವರ ಕೈ ಇರುತ್ತದಲ್ಲ, ಹಾಗೆ ಕೈ ಹೋಗಿ ಬರುತ್ತಿತ್ತು. ಅವನು ನಡೆದಲ್ಲೆಲ್ಲ ರೆಕ್ಕೆ ಮಾಯವಾಗುತ್ತಾ ಹೋಯಿತು. ಮುಗಿಯುವ ಹೊತ್ತಿಗೆ ಕಾರು ಪೂರಾ ಮಂಜು ಕವಿದಂತಿತ್ತು.

ಅವನು ಗನ್ನು ಕೆಳಗಿಟ್ಟ. ಕಾರು ನೋಡಿದ. ಮೂಲೆಯಲ್ಲಿದ್ದ ಥಿನ್ನರ್ ಡಬ್ಬದ ಕಡೆ ಎರಡು ಹೆಜ್ಜೆ ಇಟ್ಟ.

ಹೊಸ ಕ್ಲಿಯರ್ ಎಂದು ಈ ಸಲ ಅವನು ಚಿಲಕ ಹಾಕಿರಲಿಲ್ಲ. ಹೆಂಡತಿ ಮೂಗಿಗೆ ಮಾಸ್ಕ್ ಏರಿಸಿಕೊಂಡು, ಅಷ್ಟು ವರ್ಷ ದಾಟದ ಬಾಗಿಲು ದಾಟಿ ಒಳಗೆ ಹೋದಳು. ಧೂಳೇಳಬಾರದೆಂದು ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ, ಅವನಿಗಿಂತ ಮೊದಲು ಡಬ್ಬ ಎತ್ತಿಕೊಂಡು ಹೊರಗೆ ಬಂದು, ಅಂಗಳದಲ್ಲಿಟ್ಟು ಅದರ ಮೇಲೆ ಕೂತುಬಿಟ್ಟಳು. ಅವನೂ ಹಿಂದೆಯೇ ಬಂದ.

"ಏಳೇ. ಈಗ ಒರೆಸಿದ್ರೆ ಗರಿ ಒಂದಷ್ಟಾದ್ರೂ ಉಳಿಯುತ್ತೆ."

"ಬೇಕಾದ್ರೆ ನನ್ನನ್ನೂ ಎತ್ತಿ ಪಕ್ಕಕ್ಕಿಟ್ಟು ತಗೋ. ಮೆಟ್ಟಿಲು ಹತ್ತೋಕೆ ಉಸಿರಿಲ್ಲ, ನನ್ನನ್ನ ಎತ್ತೋಕೆ ಬಂದ."

ಅವನು ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಬೇರೆ ದಾರಿ ಕಾಣದೆ ಹೊಸ್ತಿಲ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡ. ಕೈಗಳ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ.

ನಾನು ಮತ್ತೆ ಕಿಟಕಿಗೆ ಬಂದೆ. ಮೊದಲು ಬಾನೆಟ್ಟಿನ ಅಂಚಿನಲ್ಲಿ ಒಂದು ನೀಲಿ ಗೆರೆ ಮೂಡಿತು. ಆಮೇಲೆ ಹಿಂದಿನ ಚಕ್ರದ ಮೇಲೆ ಒಂದು ಗರಿಯ ತುದಿ. ಒಲೆಯ ಮೇಲಿನ ಆವಿ ಕಿಟಕಿಯಿಂದ ಆರುವ ಹಾಗೆ ಬಿಳುಪು ಅಂಚಿನಿಂದ ನಡುವಿಗೆ ಸರಿಯುತ್ತಾ ಬಂತು. ನಾನು ಕಂಡದ್ದನ್ನೆಲ್ಲ ಹೊಸ್ತಿಲಿಗೆ ವರದಿ ಮಾಡುತ್ತಿದ್ದೆ. ಬಾಗಿಲವರೆಗೆ ಬಂತು ಎಂದೆ. ಹಿಡಿಯ ಕೆಳಗಿನ ಸಣ್ಣ ಗರಿಗಳೂ ಬಂದವು ಎಂದೆ. ಅವನು ತಲೆಯೆತ್ತಲೇ ಇಲ್ಲ. ಕೊನೆಗೆ ಹೆಂಡತಿಯೇ ಡಬ್ಬದಿಂದ ಎದ್ದು, ರಟ್ಟೆ ಹಿಡಿದು ಎಬ್ಬಿಸಿ, ಕಿಟಕಿಗೆ ತಂದು ನಿಲ್ಲಿಸಿದಳು. ಅವನು ಬಹಳ ಹೊತ್ತು ನೋಡಿದ.

"ಗಾಳಿ ಬೀಸಿದ್ರೆ ಹಾರಿಬಿಡುತ್ತೆ" ಎಂದಳು ಅವಳು.

"ಹಾರೋಕೆ ಮೊದಲು ಪಾಲಿಶ್ ಆಗಬೇಕು" ಎಂದ ಅವನು. ಆಗ ನನಗೆ ತಿಳಿಯಿತು, ಇವನು ಟೈರ್ ಅಂಗಡಿಗೆ ಹೋಗುವುದಿಲ್ಲ ಎಂದು.

ಗನ್ನು ಉಳಿಯಿತು. ಕೆಮ್ಮು ಒಮ್ಮೆಲೇ ಹೋಗಲಿಲ್ಲ, ಆದರೆ ಹೋಗುತ್ತಾ ಬಂತು. ಒಳಗಿನ ಚಿಲಕಕ್ಕೆ ತುಕ್ಕು ಹಿಡಿಯಿತು. ಹೆಂಡತಿ ಮಾಸ್ಕ್ ಹಾಕಿಕೊಂಡು ಮೊದಮೊದಲು ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಗನ್ನಿನ ಪೈಪು ಹಿಡಿದಳು, ಒಂದು ದಿನ ಗನ್ನನ್ನೇ ಹಿಡಿದಳು. ಸೂಜಿ ಓಡಿಸಿದ ಕೈ, ಗೆರೆ ನೆಟ್ಟಗೆ ಹೋಗುತ್ತಿತ್ತು. ಕಲಿಸುವಾಗ ಅವನ ದನಿಗಿಂತ ಅವಳ ದನಿಯೇ ಜೋರಾಗಿ ಕೇಳುತ್ತಿತ್ತು. ಕೆಲಸ ಹೆಚ್ಚಿ ಈ ಶೆಡ್ಡು ಸಾಲದಾಯಿತು. ಊರಾಚೆ ಹೆದ್ದಾರಿಯ ಪಕ್ಕ ದೊಡ್ಡದೊಂದು ಹಿಡಿದರು. ಈಗ ಅವರ ಸುದ್ದಿ ನನಗೆ ಪ್ಲಂಬರನ ಬಾಯಿಂದಲೇ ಬರಬೇಕು.

ಸಾಮಾನು ಸಾಗಿಸುವ ಹಿಂದಿನ ದಿನ ಅವಳು ತಾನೊಬ್ಬಳೇ ಒಂದು ಇಡೀ ಕಾರಿಗೆ ಕ್ಲಿಯರ್ ಹೊಡೆದಳು. ಮುಗಿಸಿ, ಕೈ ತೊಳೆದುಕೊಂಡು, ಹೇಗಿದೆ ಎಂದು ಗಂಡನನ್ನು ಕೇಳಿದಳು. ಅವನು ಸುತ್ತ ಒಂದು ಸಲ ನಡೆದು, ಏನೂ ಹೇಳದೆ ತಲೆಯಾಡಿಸಿ, ನೆಟ್ಟಗೆ ನಮ್ಮ ಹಿತ್ತಲಿಗೆ ಬಂದ. ಹಿಂದೆ ತಿರುಗಿ ಅವಳು ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಅಕ್ಕಾ, ಎಡಗಡೆ ಬಾಗಿಲ ಕೆಳಗೆ ಒಂದು ಕಡೆ ಕ್ಲಿಯರ್ ಸೋರಿ ಇಳಿದಿದೆ. ನಾನು ಹೇಳಿದ್ರೆ ಇವತ್ತು ಊಟ ಸಿಗಲ್ಲ. ನೀವೇ ಸುಮ್ಮನೆ ನೋಡೋಕೆ ಬಂದ ಹಾಗೆ ಬಂದು ಹೇಳಿಬಿಡ್ತೀರಾ?"